ಹಾರುವ ಕ್ಯಾಮರಾಕ್ಕೂ ಹೆಸರು ವಿಳಾಸ

ನಮ್ಮವರ ಮದುವೆ ಮುಂಜಿಗಳಲ್ಲಿ ಕೆಲವು ವರ್ಷಗಳಿಂದೀಚೆಗೆ ಒಬ್ಬ ಹೊಸ ಅತಿಥಿ ಕಾಣಿಸಿಕೊಳ್ಳುತ್ತಿದ್ದಾನೆ. ಆಹ್ವಾನಪತ್ರಿಕೆ ಅವನಿಗೆ ಹೋಗಿರುವುದಿಲ್ಲ. ಪಂಕ್ತಿಯಲ್ಲಿ ಅವನಿಗೆ ಎಲೆ ಹಾಕುವವರೂ ಇಲ್ಲ. ವರನ ದಿಬ್ಬಣ ಸಭಾಗೃಹದ ಬಾಗಿಲಿಗೆ ಬರುವ ಹೊತ್ತಿಗೆ ಸರಿಯಾಗಿ, ಜೇನಿನ ಹಿಂಡು ಎದ್ದಂತೆ ಗುಂಯ್‌ಗುಡುತ್ತ ಬಂದು ಎಲ್ಲರ ತಲೆಯ ಮೇಲೆ ನಿಲ್ಲುತ್ತಾನೆ. ಮಕ್ಕಳು ಕೈ ಬೀಸುತ್ತಾರೆ, ಅಜ್ಜಿಯಂದಿರು ಸೆರಗನ್ನು ತಲೆಗೆಳೆದುಕೊಳ್ಳುತ್ತಾರೆ, ಪುರೋಹಿತರು ಅಕ್ಷತೆಯ ತಟ್ಟೆಗೆ ಅಂಗೈ ಮುಚ್ಚುತ್ತಾರೆ. ಡ್ರೋನ್ ಎಂದು ಇವನ ಹೆಸರು. ನಾಲ್ಕು ರೆಕ್ಕೆ, ಒಂದು ಕಣ್ಣು. ಹೊಟ್ಟೆಯೇ ಇಲ್ಲದ್ದರಿಂದ ಊಟದ ಖರ್ಚೇನೋ ಇಲ್ಲ. ಆದರೆ ಬಾಡಿಗೆ ಬಲು ಜೋರು.

ನೋಡುವುದಕ್ಕೆ ಆಟದ ಸಾಮಾನಿನಂತಿರುವ ಈ ಯಂತ್ರ ಸರಕಾರದ ದೃಷ್ಟಿಯಲ್ಲಿ ಆಟದ ಸಾಮಾನಲ್ಲ, ವಿಮಾನ. ಚಾಲಕನು ಒಳಗೆ ಕುಳಿತಿಲ್ಲ, ನೆಲದ ಮೇಲೆ ನಿಂತಿದ್ದಾನೆ ಎಂಬುದಷ್ಟೇ ವ್ಯತ್ಯಾಸ. ವಿಮಾನವೆಂದ ಮೇಲೆ ಅದಕ್ಕೊಂದು ನೋಂದಣಿ ಸಂಖ್ಯೆ, ಒಬ್ಬ ಒಡೆಯ, ಹಾರುವುದಕ್ಕೆ ಅಪ್ಪಣೆ ಇವೆಲ್ಲ ಇರಬೇಕಾದುದು ಸಹಜವೇ. ಅದು ಛಾಯಾಗ್ರಾಹಕನ ತಲೆನೋವು, ಮದುವೆ ಮಾಡಿಸುವ ನಮಗೇನು ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಹಾಗೆ ಕೇಳುವವರು ಬಹು ಮಂದಿ ಇರುವುದರಿಂದಲೇ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಮದುವೆ ನಿಶ್ಚಯವಾದ ಮನೆಗಳಲ್ಲಿ ನಡೆಯುವ ಸಂಭಾಷಣೆ ಸಾಮಾನ್ಯವಾಗಿ ಹೀಗಿರುತ್ತದೆ:

"ಡ್ರೋನ್ ಇದೆಯೇನಪ್ಪಾ?"

"ಇದೆ ಅಂಕಲ್, ಪ್ಯಾಕೇಜಿನಲ್ಲೇ ಬರುತ್ತೆ."

"ಅದಕ್ಕೆ ಪರವಾನಗಿ ಗಿರವಾನಗಿ ಏನಾದರೂ ಬೇಕೇನು?"

"ಅದೆಲ್ಲ ನಾವು ನೋಡ್ಕೊಳ್ತೇವೆ, ನೀವು ಯೋಚನೆ ಮಾಡಬೇಡಿ."

ಅಲ್ಲಿಗೆ ಆ ಮಾತು ಮುಗಿದು, ಆಲ್ಬಮ್ಮಿನ ಹೊದಿಕೆ ಯಾವ ಬಣ್ಣದ್ದಿರಬೇಕು ಎಂಬ ಚರ್ಚೆ ಒಂದು ಗಂಟೆ ನಡೆಯುತ್ತದೆ. ಆದರೆ ಪೊಲೀಸರು ಸಭಾಗೃಹಕ್ಕೆ ಬಂದರೆ ಮೊದಲು ಹುಡುಕುವುದು ಬಾಗಿಲಿನ ಫಲಕದ ಮೇಲೆ ಹೂವಿನ ಅಕ್ಷರಗಳಲ್ಲಿ ಬರೆದಿರುವ ಹೆಸರನ್ನು. ಆ ಹೆಸರು ನಮ್ಮದು, ಛಾಯಾಗ್ರಾಹಕನದಲ್ಲ.

ಈ ನಿಯಮಗಳ ಕಥೆಗೆ ಮುಂಬಯಿಯಲ್ಲೇ ಒಂದು ಪೀಠಿಕೆಯುಂಟು. 2014ರ ಮೇ ತಿಂಗಳಲ್ಲಿ ಈ ನಗರದ ಒಂದು ಪಿಜ್ಜಾ ಅಂಗಡಿಯವರು ಟ್ರಾಫಿಕ್ಕಿನ ಗೋಜೇ ಬೇಡವೆಂದು ಡ್ರೋನಿಗೆ ಪಿಜ್ಜಾ ಕಟ್ಟಿ, ಎತ್ತರದ ಕಟ್ಟಡವೊಂದಕ್ಕೆ ಆಕಾಶಮಾರ್ಗವಾಗಿ ಕಳುಹಿಸಿದರು. ಪತ್ರಿಕೆಗಳಲ್ಲಿ ಚಿತ್ರ ಬಂತು, ಜನ ಬೆರಗಾದರು. ಪೊಲೀಸರು ಮಾತ್ರ, ಯಾರನ್ನು ಕೇಳಿ ಹಾರಿಸಿದಿರಿ ಎಂದು ವಿಚಾರಿಸಿದರು. ಆಗ ಕೇಳಬೇಕಾದ ಕಚೇರಿ ಯಾವುದು, ತುಂಬಬೇಕಾದ ಅರ್ಜಿ ಯಾವುದು ಎಂಬುದು ದೇಶದಲ್ಲಿ ಯಾರಿಗೂ ಸ್ಪಷ್ಟವಿರಲಿಲ್ಲ. ಅದೇ ವರ್ಷ ಅಕ್ಟೋಬರ್ 7ರಂದು ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯ, ಎಂದರೆ ಎಲ್ಲರ ಬಾಯಲ್ಲಿರುವ ಡಿ.ಜಿ.ಸಿ.ಎ., ನಿಯಮಗಳು ಸಿದ್ಧವಾಗುವವರೆಗೆ ಖಾಸಗಿಯವರು ಡ್ರೋನ್ ಹಾರಿಸಲೇಬಾರದೆಂದು ಪ್ರಕಟಣೆ ಹೊರಡಿಸಿತು. ನಿಯಮಗಳು ಜಾರಿಗೆ ಬಂದದ್ದು 2018ರ ಡಿಸೆಂಬರ್ 1ರಂದು. ನಾಲ್ಕು ವರ್ಷ ಕಾದದ್ದಕ್ಕೆ ಫಲವಾಗಿ ಸಿಕ್ಕಿದ್ದು ಅರ್ಜಿಗಳ ಒಂದು ದೊಡ್ಡ ಕಟ್ಟು. ಕೊನೆಗೆ 2021ರ ಆಗಸ್ಟ್ 25ರಂದು ಈಗಿನ ಡ್ರೋನ್ ನಿಯಮಾವಳಿ ಪ್ರಕಟವಾಯಿತು. 25 ಅರ್ಜಿ ನಮೂನೆಗಳಿದ್ದಲ್ಲಿ 5 ಉಳಿದವು, 72 ಬಗೆಯ ಶುಲ್ಕಗಳಿದ್ದಲ್ಲಿ 4 ಉಳಿದವು. ಅದಕ್ಕೆ ಎರಡೇ ತಿಂಗಳ ಹಿಂದೆ, ಜೂನ್ 27ರಂದು, ಜಮ್ಮುವಿನ ವಾಯುಪಡೆಯ ನೆಲೆಯ ಮೇಲೆ ಡ್ರೋನಿನಿಂದ ಸ್ಫೋಟಕಗಳನ್ನು ಎಸೆದಿದ್ದರು. ಅಂಥ ಹೊತ್ತಿನಲ್ಲಿಯೂ ಸರಕಾರ ನಿಯಮಗಳನ್ನು ಬಿಗಿಮಾಡದೆ ಸಡಿಲಿಸಿತೆಂಬುದು ಮೆಚ್ಚತಕ್ಕ ಮಾತು.

ಈ ನಿಯಮಾವಳಿಯ ತಿರುಳು ಒಂದು ಸಂಖ್ಯೆ. ಅದನ್ನು ಯು.ಐ.ಎನ್. ಎನ್ನುತ್ತಾರೆ, ಒಂದು ಯಂತ್ರಕ್ಕೆ ಒಂದೇ, ಬೇರೊಂದಕ್ಕೆ ಬಾರದ ಗುರುತಿನ ಸಂಖ್ಯೆ ಎಂದು ಅರ್ಥ. ಹಿರಿಯ ವಾಚಕರಿಗೆ ಇದು ಹೊಸದೆನಿಸಲಾರದು. ಊರಿನಲ್ಲಿ ಸೈಕಲ್ ಕೊಂಡರೆ ಪುರಸಭೆಯವರು ಕೊಡುತ್ತಿದ್ದ ಹಿತ್ತಾಳೆಯ ಬಿಲ್ಲೆ ನೆನಪಿದೆಯಷ್ಟೆ? ಮನೆಯ ರೇಡಿಯೋಕ್ಕೆ ವರ್ಷ ವರ್ಷ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಿದವರೂ ನಮ್ಮಲ್ಲಿದ್ದಾರೆ. 2018ರ ನಿಯಮವಂತೂ ಈ ಸಂಖ್ಯೆಯನ್ನು ಬೆಂಕಿ ತಾಳುವ ಫಲಕದ ಮೇಲೆ ಬರೆಯಿಸಿ ಯಂತ್ರಕ್ಕೆ ಜಡಿಯಬೇಕೆಂದು ಹೇಳಿತ್ತು. ಬಿಲ್ಲೆಯ ಮೊಮ್ಮಗನೇ ಸರಿ!

ಆದರೆ ಬಿಲ್ಲೆಗೂ ಈ ಸಂಖ್ಯೆಗೂ ಒಂದು ಮುಖ್ಯ ಭೇದವಿದೆ. ಬಿಲ್ಲೆಯನ್ನು ಬಿಚ್ಚಿ ಇನ್ನೊಂದು ಸೈಕಲ್ಲಿಗೆ ಕಟ್ಟಬಹುದಾಗಿತ್ತು, ಕಟ್ಟಿದವರೂ ಇದ್ದರು. ಡ್ರೋನಿನ ಸಂಖ್ಯೆ ಮೂರು ಕಡೆ ಗಂಟು ಹಾಕಿಕೊಂಡಿರುತ್ತದೆ: ತಯಾರಕನು ಕೊಟ್ಟ ಕ್ರಮಸಂಖ್ಯೆ ಒಂದು, ಹಾರಾಟವನ್ನು ನಿಯಂತ್ರಿಸುವ ಒಳಭಾಗದ ಕ್ರಮಸಂಖ್ಯೆ ಇನ್ನೊಂದು, ಚಾಲಕನು ಕೈಯಲ್ಲಿ ಹಿಡಿಯುವ ರಿಮೋಟಿನ ಕ್ರಮಸಂಖ್ಯೆ ಮತ್ತೊಂದು. ರಿಪೇರಿಯಲ್ಲಿ ಇವುಗಳಲ್ಲಿ ಒಂದು ಬದಲಾದರೂ ಆ ಬದಲಾವಣೆಯನ್ನು ನೋಂದಣಿಯಲ್ಲಿ ಸೇರಿಸಬೇಕು. ಯಂತ್ರವನ್ನು ಮಾರಿದರೆ, ದಾನ ಕೊಟ್ಟರೆ, ಭಾವಮೈದುನನಿಗೆ ಉಡುಗೊರೆ ಮಾಡಿದರೆ, ಹೊಸ ಒಡೆಯನ ಹೆಸರಿಗೆ ವರ್ಗ ಮಾಡಿಸಬೇಕು. ಕಳೆದುಹೋದರೆ ನೋಂದಣಿ ರದ್ದು ಮಾಡಿಸಬೇಕು. ಶುಲ್ಕ ನೂರು ರೂಪಾಯಿ. ಮಾಟುಂಗದಲ್ಲಿ ಇಬ್ಬರು ಕುಳಿತು ದೋಸೆ ತಿಂದರೆ ಅದಕ್ಕಿಂತ ಹೆಚ್ಚಾಗುತ್ತದೆ. ಮೊದಲು ಕೆಲವು ಅರ್ಜಿಗಳಿಗೆ ಪಾಸ್‌ಪೋರ್ಟ್ ಬೇಕಾಗಿತ್ತು. 2023 ಮತ್ತು 2024ರ ತಿದ್ದುಪಡಿಗಳಿಂದ ಆ ತೊಡಕೂ ಹೋಗಿ, ಮತದಾರರ ಚೀಟಿ, ರೇಷನ್ ಕಾರ್ಡು, ಡ್ರೈವಿಂಗ್ ಲೈಸೆನ್ಸ್ ಇವುಗಳಲ್ಲೊಂದು ಸಾಕೆಂದಾಯಿತು.

ಇಲ್ಲಿಯವರೆಗೆ ಕಾಗದದ ಮಾತು. ಆದರೆ ಆಕಾಶದಲ್ಲಿರುವ ಯಂತ್ರದ ಗುರುತನ್ನು ನೆಲದ ಮೇಲಿರುವವನು ತಿಳಿಯುವುದು ಹೇಗೆ? ಹದಿನಾಲ್ಕನೆಯ ಅಂತಸ್ತಿನ ಅಡಿಗೆಮನೆಯ ಕಿಟಕಿಯ ಮುಂದೆ ಡ್ರೋನೊಂದು ಬಂದು ನಿಂತರೆ, ಅದರ ಹೊಟ್ಟೆಯ ಮೇಲೆ ಬರೆದಿರುವ ಸಂಖ್ಯೆಯನ್ನು ಆ ಗೃಹಿಣಿ ಓದುವಳೇ? ಈ ಪ್ರಶ್ನೆಗೆ ಹೊರದೇಶಗಳವರು ಕಂಡುಕೊಂಡ ಉತ್ತರವೇ ವಿದ್ಯುನ್ಮಾನ ಗುರುತು. ಯಂತ್ರವೇ ಹಾರುತ್ತ ಹಾರುತ್ತ, ನಾನು ಇಂಥವನು, ಇಂಥ ಕಡೆ, ಇಷ್ಟು ಎತ್ತರದಲ್ಲಿ, ಇಷ್ಟು ವೇಗದಲ್ಲಿದ್ದೇನೆ ಎಂದು ರೇಡಿಯೋ ಅಲೆಗಳ ಮೂಲಕ ಸಾರುತ್ತಿರುತ್ತದೆ. ಮೊಬೈಲಿನಲ್ಲಿರುವ ವೈಫೈ, ಬ್ಲೂಟೂತ್‌ಗಳಂಥ ಅಲೆಗಳೇ ಇದಕ್ಕೆ ಸಾಕು. ಅಮೆರಿಕದಲ್ಲಿ ಈ ನಿಯಮವನ್ನು ಹಾರಿಸುವವರು ಪಾಲಿಸಬೇಕಾದ ದಿನ 2023ರ ಸೆಪ್ಟೆಂಬರ್ 16 ಎಂದು ಗೊತ್ತಾಗಿತ್ತು. ಬೇಕಾದ ಸಾಮಗ್ರಿ ಸಿಕ್ಕದೆ ಜನ ಪರದಾಡಿದ್ದರಿಂದ 2024ರ ಮಾರ್ಚ್ 16ರವರೆಗೆ ದಂಡದ ವಿಷಯದಲ್ಲಿ ಸಡಿಲು ಬಿಟ್ಟರು. ಜಪಾನಿನವರು 2022ರ ಜೂನಿನಿಂದಲೇ 100 ಗ್ರಾಂ ಮತ್ತು ಅದಕ್ಕಿಂತ ಭಾರದ ಯಂತ್ರಗಳಿಗೆ ನೋಂದಣಿಯ ಜೊತೆಗೆ ಇದನ್ನೂ ಸೇರಿಸಿದ್ದಾರೆ. ಐರೋಪ್ಯ ಒಕ್ಕೂಟದಲ್ಲಿ 2024ರ ಜನವರಿಯಿಂದ ಜಾರಿಗೆ ಬಂತು. ಅಮೆರಿಕದಲ್ಲಿ ಯಂತ್ರದ ಜೊತೆಗೆ ಚಾಲಕನು ನಿಂತಿರುವ ಸ್ಥಳವನ್ನೂ ಅದು ಸಾರಬೇಕು. ಚಾಲಕನ ಹೆಸರನ್ನು ಮಾತ್ರ ಸಾರುವುದಿಲ್ಲ. ಸಂಖ್ಯೆಯಿಂದ ಹೆಸರಿಗೆ ಹೋಗುವ ದಾರಿ ಅಧಿಕಾರಿಗಳ ಕೈಯಲ್ಲಿರುತ್ತದೆ.

ನಮ್ಮ ಡಬ್ಬಾವಾಲಾಗಳ ಪದ್ಧತಿಯೂ ಹೀಗೆಯೇ ಅಲ್ಲವೆ? ಡಬ್ಬದ ಮುಚ್ಚಳದ ಮೇಲಿನ ಗುರುತನ್ನು ಲೋಕಲ್ ರೈಲಿನ ಡಬ್ಬಿಯಲ್ಲಿರುವವರೆಲ್ಲ ನೋಡಬಹುದು. ಅದು ಯಾವ ಕಟ್ಟಡಕ್ಕೆ, ಯಾವ ಮಹಡಿಗೆ ಎಂಬುದು ತಿಳಿಯತಕ್ಕವನಿಗೆ ಮಾತ್ರ ತಿಳಿಯುತ್ತದೆ.

ನಮ್ಮ ದೇಶದ ನಿಯಮಾವಳಿಯ 12ನೆಯ ನಿಯಮದಲ್ಲಿಯೂ ಇಂಥ ಏರ್ಪಾಡಿಗೆ ಜಾಗವಿದೆ. ಮೂರು ಸಾಧನಗಳನ್ನು ಅಲ್ಲಿ ಹೆಸರಿಸಿದ್ದಾರೆ. ಅಪ್ಪಣೆ ಬಾರದೆ ಮೋಟಾರು ತಿರುಗದಂತೆ ತಡೆಯುವ ಬೀಗ, ನಿಷಿದ್ಧ ಸ್ಥಳದ ಗಡಿ ದಾಟದಂತೆ ಕಟ್ಟುವ ಅದೃಶ್ಯ ಬೇಲಿ, ಮತ್ತು ತಾನಿರುವ ಸ್ಥಳ, ಎತ್ತರ, ವೇಗ, ಗುರುತಿನ ಸಂಖ್ಯೆಗಳನ್ನು ಆ ಕ್ಷಣದಲ್ಲೇ ತಿಳಿಸುವ ಸಂಕೇತಯಂತ್ರ. ಇವುಗಳನ್ನು ಅಳವಡಿಸಬೇಕೆಂದು ಕೇಂದ್ರ ಸರಕಾರ ಗೆಜೆಟ್ಟಿನಲ್ಲಿ ಪ್ರಕಟಿಸಬಹುದು. ಪ್ರಕಟಿಸಿದರೆ ಒಡೆಯರಿಗೆ 6 ತಿಂಗಳಿಗೆ ಕಡಿಮೆಯಿಲ್ಲದಷ್ಟು ಕಾಲಾವಕಾಶ ಕೊಡಬೇಕು. ಅಪ್ಪಣೆಯ ಬೀಗವನ್ನು 2018ರಲ್ಲಿ ಮೊದಲ ದಿನದಿಂದಲೇ ಕಡ್ಡಾಯ ಮಾಡಹೊರಟು ತೊಡಕಾದ ಅನುಭವ ಇದರ ಹಿಂದೆ ಇರಬೇಕೆಂದು ನಮ್ಮ ಊಹೆ. ಸಂಕೇತಯಂತ್ರ ಬೇಗನೆ ಬರಲಿ ಎಂದೇ ನಮ್ಮ ಆಶೆ. ಕಣ್ಣಿಟ್ಟು ನೋಡುವವನಿಗೆ ಹೆಸರಿಲ್ಲದೆ, ನೋಡಿಸಿಕೊಳ್ಳುವವರ ಮನೆಯ ವಿಳಾಸ ಮಾತ್ರ ಬಯಲಾಗಿರುವುದು ನ್ಯಾಯವಲ್ಲ. ಆದರೆ ಚಾಲಕನು ನಿಂತ ಜಾಗವನ್ನು ದಾರಿಹೋಕರಿಗೆಲ್ಲ ತೋರಿಸುವ ಅಮೆರಿಕದ ಕ್ರಮ ನಮಗೆ ಅಷ್ಟಾಗಿ ಹಿಡಿಸಲಿಲ್ಲ. ನಮ್ಮ ಗಲ್ಲಿಗಳಲ್ಲಿ ಮಾತಿಗಿಂತ ಮೊದಲು ಕೈ ಏಳುವುದುಂಟು. ಸಂಖ್ಯೆ ಎಲ್ಲರಿಗೆ ಕಾಣಲಿ, ಮನುಷ್ಯ ಪೊಲೀಸರಿಗೆ ಕಾಣಲಿ.

ಇನ್ನು ನಮ್ಮ ಮುಂಬಯಿಯ ಮಾತು. ಸಂಖ್ಯೆಯಿದ್ದ ಮಾತ್ರಕ್ಕೆ ಇಲ್ಲಿ ಹಾರಿಸಬಹುದೆಂದು ತಿಳಿಯಬಾರದು. 2021ರ ಸೆಪ್ಟೆಂಬರಿನಲ್ಲಿ ಸರಕಾರ ಇಡೀ ದೇಶದ ಆಕಾಶಕ್ಕೆ ಹಸಿರು, ಹಳದಿ, ಕೆಂಪು ಬಣ್ಣ ಬಳಿದ ನಕ್ಷೆಯೊಂದನ್ನು ಹೊರಡಿಸಿತು; ಡಿ.ಜಿ.ಸಿ.ಎ.ಯ ಡಿಜಿಟಲ್ ಸ್ಕೈ ತಾಣದಲ್ಲಿ ಯಾರೂ ನೋಡಬಹುದು. ಹಸಿರಿನಲ್ಲಿ 400 ಅಡಿಯ ಎತ್ತರದವರೆಗೆ ಅಪ್ಪಣೆ ಬೇಡ. ವಿಮಾನ ನಿಲ್ದಾಣದ ಸುತ್ತುಗೋಡೆಯಿಂದ 5ರಿಂದ 8 ಕಿಲೋಮೀಟರಿನ ನಡುವೆ ನೆಲದಿಂದಲೇ ಹಳದಿ. ವಿಮಾನಗಳನ್ನು ನಡೆಸುವ ನಿಯಂತ್ರಣ ಕೇಂದ್ರದ ಅಪ್ಪಣೆಯಿಲ್ಲದೆ ಒಂದಡಿಯೂ ಏರಿಸುವಂತಿಲ್ಲ. 8ರಿಂದ 12 ಕಿಲೋಮೀಟರಿನವರೆಗೆ 200 ಅಡಿಯ ತನಕ ಹಸಿರು, ಮೇಲೆ ಹಳದಿ. ಕೆಂಪಿಗೆ ಕೇಂದ್ರ ಸರಕಾರದ ಅನುಮತಿಯೇ ಆಗಬೇಕು.

ಈಗ ನಮ್ಮವರ ಸಮಾರಂಭಗಳು ನಡೆಯುವ ಸ್ಥಳಗಳನ್ನು ಒಮ್ಮೆ ನೆನೆಯೋಣ. ಸಾಂತಾಕ್ರೂಜಿನ ಬಿಲ್ಲವ ಭವನಕ್ಕೆ ವಿಮಾನ ನಿಲ್ದಾಣ ನೆರೆಮನೆಯಿದ್ದಂತೆ. ಕುರ್ಲಾದ ಬಂಟರ ಸಂಘ, ಮಾಟುಂಗದ ಮೈಸೂರು ಅಸೋಸಿಯೇಷನ್, ಚೆಂಬೂರಿನ ಸಭಾಗೃಹಗಳು ಎಲ್ಲವೂ ಆ 8 ಕಿಲೋಮೀಟರಿನ ಒಳಗಿನವೇ. ಸಾಂತಾಕ್ರೂಜಿಗೆ ಇಳಿಯುವ ವಿಮಾನಗಳು ಘಾಟ್‌ಕೋಪರ್, ಕುರ್ಲಾಗಳ ಮನೆಗಳ ಮೇಲೆ ಎಷ್ಟು ತಗ್ಗಿನಲ್ಲಿ ಬರುತ್ತವೆಂಬುದನ್ನು ಅಲ್ಲಿ ವಾಸಿಸುವ ನಮ್ಮವರಿಗೆ ಹೇಳಬೇಕಾದುದಿಲ್ಲ. ಮಾತು ಅರ್ಧಕ್ಕೆ ನಿಲ್ಲಿಸಿ, ಸದ್ದು ಕಳೆದ ಮೇಲೆ ಮುಂದುವರಿಸುವ ಅಭ್ಯಾಸ ಅವರಿಗಾಗಿದೆ. ಜುಹುವಿನಲ್ಲಿ ಹೆಲಿಕಾಪ್ಟರುಗಳ ನಿಲ್ದಾಣ, ಟ್ರಾಂಬೆಯಲ್ಲಿ ಅಣುಶಕ್ತಿ ಕೇಂದ್ರ, ಕೊಲಾಬಾ ಕಡೆ ನೌಕಾಪಡೆ. ಪನ್ವೇಲ್, ಉಲ್ವೆ, ಖಾರ್‌ಘರ್ ಕಡೆಯವರು ಇಷ್ಟು ದಿನ ಇದರಿಂದ ದೂರವಿದ್ದರು. 2025ರ ಡಿಸೆಂಬರ್ 25ರಿಂದ ನವಿ ಮುಂಬಯಿಯ ಹೊಸ ನಿಲ್ದಾಣದಲ್ಲಿ ವಿಮಾನಗಳು ಓಡಾಡತೊಡಗಿರುವುದರಿಂದ ಅವರೂ ನಕ್ಷೆ ನೋಡಬೇಕಾಗಿ ಬಂದಿದೆ. ಡೊಂಬಿವಲಿ, ಕಲ್ಯಾಣದವರು ನಿಲ್ದಾಣಗಳಿಂದ ದೂರವಿದ್ದಾರೆಂದು ಸಂತೋಷಪಡಬಹುದು, ಆದರೆ ಪೂರ್ತಿಯಾಗಿ ಅಲ್ಲ. ಏಕೆಂದರೆ ಬಣ್ಣದ ನಕ್ಷೆಯ ಮೇಲೆ ಪೊಲೀಸರ ಆಜ್ಞೆ ಬೇರೆ ಇದೆ.

ಬೃಹನ್ಮುಂಬಯಿ ಪೊಲೀಸರು ಡ್ರೋನ್, ಪ್ಯಾರಾಗ್ಲೈಡರ್, ಬಿಸಿಗಾಳಿಯ ಬಲೂನು ಮುಂತಾದವುಗಳನ್ನು ನಿಷೇಧಿಸುವ ಆಜ್ಞೆಯನ್ನು ಮತ್ತೆ ಮತ್ತೆ ಹೊರಡಿಸುತ್ತ ಬಂದಿದ್ದಾರೆ. ಒಂದರ ಅವಧಿ ಸುಮಾರು ಒಂದು ತಿಂಗಳು. ಹಿಂದೆ ಇದಕ್ಕೆ 144ನೆಯ ಕಲಮು ಎನ್ನುತ್ತಿದ್ದೆವು. 2024ರ ಜುಲೈ 1ರಿಂದ ಹೊಸ ಸಂಹಿತೆಯ 163ನೆಯ ಕಲಮು ಆಗಿದೆ. ಅದು ಜಾರಿಯಲ್ಲಿರುವಾಗ ಪೊಲೀಸರ ಸ್ವಂತ ಡ್ರೋನುಗಳನ್ನು ಬಿಟ್ಟರೆ, ಕಾರ್ಯಾಚರಣೆ ವಿಭಾಗದ ಡೆಪ್ಯುಟಿ ಪೊಲೀಸ್ ಕಮಿಷನರರ ಲಿಖಿತ ಅನುಮತಿ ಇದ್ದವರು ಮಾತ್ರ ಹಾರಿಸಬಹುದು. 2008ರ ನವೆಂಬರಿನಲ್ಲಿ ಸಮುದ್ರದ ಕಡೆಯಿಂದ ಬಂದವರನ್ನು ಕಂಡ ಈ ನಗರ ಆಕಾಶದ ಕಡೆಗೂ ಕಣ್ಣಿಟ್ಟಿರುವುದನ್ನು ತಪ್ಪೆನ್ನಲಾರೆವು. ಆದರೂ ಕೇಂದ್ರ ಸರಕಾರದ ನೂರು ರೂಪಾಯಿಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ ಹುಡುಗನೂ, ಏನನ್ನೂ ಪಾಲಿಸದ ಹುಡುಗನೂ ಈ ಆಜ್ಞೆಯ ಮುಂದೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆಂಬುದು ಸರಿಯೆನಿಸುವುದಿಲ್ಲ. ಸಂಖ್ಯೆಯುಳ್ಳವನ ಅರ್ಜಿಗೆ ಬೇಗ ಉತ್ತರ ಸಿಕ್ಕುವಂತಾದರೆ ಸಂಖ್ಯೆ ಪಡೆಯುವವರೂ ಹೆಚ್ಚುತ್ತಾರೆ.

ಆ ಹುಡುಗನು ಬಹಳ ಸಾರಿ ನಮ್ಮವನೇ ಆಗಿರುತ್ತಾನೆ ಎಂಬುದನ್ನು ಮರೆಯಬಾರದು. ಹಿಂದಿನ ತಲೆಮಾರಿನವರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಬ್ಯಾಂಕಿಗೆ ಸೇರಿದರು. ಅವರ ಮಕ್ಕಳು, ಮೊಮ್ಮಕ್ಕಳಲ್ಲಿ ಕೆಲವರು ಸಾಲ ಮಾಡಿ ಕ್ಯಾಮರಾ ಕೊಂಡು ಸ್ವಂತ ಉದ್ಯೋಗಕ್ಕಿಳಿದಿದ್ದಾರೆ. ಇಂಥವರಿಗೆ ನಿಯಮದ ಲೆಕ್ಕ ತೂಕದ ಮೇಲಿದೆ. 250 ಗ್ರಾಂ ಮೀರದ ಯಂತ್ರಕ್ಕೆ ಚಾಲಕನ ಪ್ರಮಾಣಪತ್ರ ಬೇಡ. ತಯಾರಕರೂ ಜಾಣರು, 249 ಗ್ರಾಮಿಗೆ ನಿಲ್ಲಿಸಿದ್ದಾರೆ. 2022ರ ತಿದ್ದುಪಡಿಯ ಪ್ರಕಾರ 2 ಕಿಲೋ ವರೆಗಿನದನ್ನು ಸ್ವಂತ ಸಂತೋಷಕ್ಕಾಗಿ ಹಾರಿಸುವವನಿಗೂ ಅದು ಬೇಡ. ಆದರೆ ಹಣ ಪಡೆದು ಮದುವೆಯ ಚಿತ್ರ ತೆಗೆಯುವುದು ಸ್ವಂತ ಸಂತೋಷವಲ್ಲ, ವ್ಯಾಪಾರ. ಆಗ 250 ಗ್ರಾಂ ಮೀರಿದ ಯಂತ್ರವು ಪ್ರಮಾಣೀಕೃತ ಮಾದರಿಯದಾಗಿರಬೇಕು, ಅದಕ್ಕೆ ಮೂರನೆಯವರಿಗೆ ಪರಿಹಾರ ಕೊಡುವ ವಿಮೆ ಇರಬೇಕು, ಹಾರಿಸುವವನು ಅಧಿಕೃತ ತರಬೇತಿ ಸಂಸ್ಥೆಯಲ್ಲಿ ಕಲಿತಿರಬೇಕು. ಹತ್ತನೆಯ ತರಗತಿ ಪಾಸಾಗಿ 18 ತುಂಬಿದವರು ಸೇರಬಹುದು. ಪ್ರಮಾಣಪತ್ರ 10 ವರ್ಷ ನಡೆಯುತ್ತದೆ. ಚಾಲಕನ ಪತ್ರಕ್ಕೆ ವಿನಾಯಿತಿ ಇದ್ದರೆ ನೋಂದಣಿಗೂ ವಿನಾಯಿತಿ ಇದೆ ಎಂದು ಹಲವರು ತಿಳಿದಿದ್ದಾರೆ. ಅದು ಬೇರೆ, ಇದು ಬೇರೆ. ಹಗುರ ಯಂತ್ರಕ್ಕೂ ಹಳದಿ ಹಳದಿಯೇ, ಕೆಂಪು ಕೆಂಪೇ. ನಿಯಮ ಮೀರಿದರೆ ದಂಡ ಒಂದು ಲಕ್ಷ ರೂಪಾಯಿಯವರೆಗೆ ಹೋಗಬಹುದು. ಒಂದು ಹಂಗಾಮಿನ ಸಂಪಾದನೆ ಅಷ್ಟಕ್ಕೇ ಸರಿಹೋಯಿತು.

ಪರದೇಶದಿಂದ ಬರುವ ಉಡುಗೊರೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇವೆ. ದುಬೈಯಿಂದಲೋ ನ್ಯೂಜೆರ್ಸಿಯಿಂದಲೋ ಬರುವ ಅಳಿಯ, ಸೋದರಮಾವ, ಚಿಕ್ಕಪ್ಪಂದಿರು ಮಕ್ಕಳಿಗೆ ಡ್ರೋನ್ ತಂದುಕೊಡುವ ಆಸೆ ಪಡುತ್ತಾರೆ. 2022ರ ಫೆಬ್ರವರಿ 9ರಂದು ಸರಕಾರ ಸಿದ್ಧ ಡ್ರೋನುಗಳ ಆಮದನ್ನೂ, ಬಿಡಿಬಿಡಿಯಾಗಿ ತಂದು ಇಲ್ಲಿ ಜೋಡಿಸುವ ಪೂರ್ಣ ಸೆಟ್ಟುಗಳ ಆಮದನ್ನೂ ನಿಷೇಧಿಸಿತು. ಸಂಶೋಧನೆ, ರಕ್ಷಣೆ, ಭದ್ರತೆಗಳಿಗಷ್ಟೇ ವಿನಾಯಿತಿ. ವಿಮಾನದಿಂದಿಳಿದವರು ಸುಂಕದ ಅಧಿಕಾರಿಗಳಿಗೆ ಘೋಷಿಸಬೇಕಾದ ವಸ್ತುಗಳ ಪಟ್ಟಿಯಲ್ಲಿ 2016ರಿಂದಲೇ ಡ್ರೋನ್ ಸೇರಿದೆ. ಆದುದರಿಂದ "ಬ್ಯಾಗಿನ ತಳದಲ್ಲಿ ಸೀರೆಗಳ ನಡುವೆ ಇಟ್ಟು ತಾ" ಎಂದು ಅಕ್ಕಂದಿರು ಫೋನಿನಲ್ಲಿ ಹೇಳದಿರುವುದೇ ವಾಸಿ. ತಂದದ್ದನ್ನು ಕಸಿದುಕೊಂಡರೆ ಹಣ ಹೋಗುತ್ತದೆ. ಕಸಿದುಕೊಳ್ಳದಿದ್ದರೂ, ಕ್ರಮವಾಗಿ ಬಾರದ ಯಂತ್ರಕ್ಕೆ ಕ್ರಮವಾದ ಸಂಖ್ಯೆ ಪಡೆಯುವುದು ಹೇಗೆ? ಮಗು ಅದನ್ನು ಕಪಾಟಿನಲ್ಲಿಟ್ಟು ನೋಡಬೇಕಷ್ಟೆ.

ಹೀಗಿರಲು, ಮುಂಗಡ ಕೊಡುವ ಮೊದಲು ಛಾಯಾಗ್ರಾಹಕನನ್ನು ಕೇಳುವುದು ಬಹಳವೇನಿಲ್ಲ. ಯಂತ್ರದ ಸಂಖ್ಯೆ ತೋರಿಸಪ್ಪಾ, ನಿನ್ನ ಪತ್ರ ಮತ್ತು ವಿಮೆ ಇದ್ದರೆ ಅದನ್ನೂ ತೋರಿಸು, ನಮ್ಮ ಸಭಾಗೃಹ ನಕ್ಷೆಯಲ್ಲಿ ಯಾವ ಬಣ್ಣದ್ದು, ಆ ದಿನ ಪೊಲೀಸರ ಆಜ್ಞೆ ಇದೆಯೇ ಎಂದು ವಿಚಾರಿಸಿ ಹೇಳು. ಸರಿಯಾದ ಹುಡುಗ ಇದಕ್ಕೆ ಕೋಪಿಸಿಕೊಳ್ಳುವುದಿಲ್ಲ. ಕೇಳುವವರೊಬ್ಬರು ಸಿಕ್ಕಿದರಲ್ಲಾ ಎಂದು ಉತ್ಸಾಹದಿಂದ ಮೊಬೈಲು ತೆಗೆಯುತ್ತಾನೆ. ಕೆಂಪೆಂದಾದರೆ ಡ್ರೋನಿಲ್ಲದೆ ಮದುವೆಯಾಗಲಿ. ನಮ್ಮ ತಂದೆ ತಾಯಿಯರ ಮದುವೆಯ ಫೋಟೋದಲ್ಲಿ ಎಲ್ಲರ ನೆತ್ತಿ ಕಾಣುವುದಿಲ್ಲ, ಮುಖ ಕಾಣುತ್ತದೆ. ನಿಯಮಗಳೂ ನಿಂತ ನೀರಲ್ಲ. 2025ರ ಸೆಪ್ಟೆಂಬರಿನಲ್ಲಿ ಸರಕಾರ ಡ್ರೋನುಗಳಿಗಾಗಿಯೇ ಒಂದು ಪ್ರತ್ಯೇಕ ಮಸೂದೆಯ ಕರಡನ್ನು ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತು. ಆದಕಾರಣ ಹಾರಿಸುವ ವಾರದಲ್ಲಿ ಮತ್ತೊಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿ ಮದುವೆ, ಗೃಹಪ್ರವೇಶ, ದೈವದ ನೇಮ ನಡೆಸುವವರಿಗೂ ಒಂದು ಮಾತು. ಊರಿನ ಆಕಾಶ ಬಯಲೆಂದು ಇಲ್ಲಿಂದ ಡ್ರೋನ್ ಕಟ್ಟಿಕೊಂಡು ಹೋಗುವವರಿದ್ದಾರೆ. ನಿಯಮಾವಳಿ ದೇಶಕ್ಕೆಲ್ಲ ಒಂದೇ. ಬಜಪೆಯ ವಿಮಾನ ನಿಲ್ದಾಣಕ್ಕೂ 8 ಮತ್ತು 12 ಕಿಲೋಮೀಟರಿನ ಅದೇ ಬಳೆಗಳಿವೆ. ಮಂಗಳೂರು, ಗುರುಪುರ, ಕಟೀಲು ಕಡೆಯವರು ಹೊರಡುವ ಮೊದಲೇ ನಕ್ಷೆ ತೆರೆದು ನೋಡಿಕೊಳ್ಳಬೇಕು. ಕಾರವಾರದಲ್ಲಿ ನೌಕಾನೆಲೆ, ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಇರುವುದರಿಂದ ಉತ್ತರ ಕನ್ನಡದವರು ಇನ್ನಷ್ಟು ಜಾಗ್ರತೆಯಾಗಿರಬೇಕು. ಒಂದು ವೇಳೆ ಯಂತ್ರ ಅಪಘಾತಕ್ಕೀಡಾದರೆ ಹಾರಿಸಿದವನು 48 ಗಂಟೆಗಳೊಳಗೆ ಡಿ.ಜಿ.ಸಿ.ಎ.ಗೆ ವರದಿ ಕೊಡಬೇಕು. ಆಗಲೂ ಅವರು ಮೊದಲು ಕೇಳುವುದು ಅದರ ಸಂಖ್ಯೆಯನ್ನೇ.